ಬಾಡಿಗೆಯ ಮನೆ ಮತ್ತು ಅದರ ಕೀಲಿಕೈ

ಸ್ವಂತ ಮನೆಯುಳ್ಳ ಗೃಹಸ್ಥನು ರಾತ್ರಿ ಬಾಗಿಲಿಕ್ಕಿ ಅಗುಳಿ ಸರಿಸಿದನೆಂದರೆ ಅವನ ಚಿಂತೆಯು ಬಹುಮಟ್ಟಿಗೆ ಅಲ್ಲಿಗೆ ತೀರಿತು. ಬಾಡಿಗೆಯ ಮನೆಯಲ್ಲಿರುವವನ ಸ್ಥಿತಿಯು ಹಾಗಲ್ಲ. ಗೋಡೆಯು ಪರರದು, ಬಾಗಿಲು ಪರರದು, ಬಾಗಿಲಿಗೆ ಹಾಕಿದ ಕೀಲಿಯೂ ಅನೇಕ ವೇಳೆ ಪರರದೇ. ಒಳಗಿರುವ ಹೆಂಡಿರು ಮಕ್ಕಳು, ಬಟ್ಟೆಬರೆ, ಚೂರುಪಾರು ಬಂಗಾರ ಇವು ಮಾತ್ರ ತನ್ನವು. ಒಂದು ಮೊಳೆ ಹೊಡೆಯಬೇಕಾದರೂ ಮಾಲಕರ ಮುಖ ನೋಡತಕ್ಕ ಈ ಗೃಹಸ್ಥನು ತನ್ನ ಮನೆಯನ್ನು ಹೇಗೆ ಕಾಯ್ದುಕೊಳ್ಳಬೇಕು? ಈ ತಿಂಗಳು ವಾಚಕರೊಡನೆ ಈ ಪ್ರಶ್ನೆಯನ್ನೇ ವಿಚಾರಿಸಬೇಕೆಂದಿದ್ದೇವೆ.

ನಮ್ಮ ಭಾಗದಲ್ಲಿ ಇದು ಹಲವು ಮನೆಗಳ ಪ್ರಶ್ನೆಯಾಗಿದೆ. 2010ರಲ್ಲಿ ಯಾದಗಿರಿಯು ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯಾಯಿತು. ಕಚೇರಿಗಳು ಬಂದವು, ಕಚೇರಿಗಳ ಹಿಂದೆ ಗುಮಾಸ್ತರು, ಶಿಕ್ಷಕರು, ದಾದಿಯರು, ಬ್ಯಾಂಕಿನ ನೌಕರರು ಬಂದರು. ಶಹಾಪುರದಲ್ಲಿ ಮಾಲಕರು ಕೆಳಗೆ, ಬಾಡಿಗೆಯವರು ಮೇಲೆ ಇರುವ ಮನೆಗಳು. ಸುರಪುರದಲ್ಲಿ ಹಳೆಯ ಕಲ್ಲಿನ ಮನೆಯನ್ನೇ ಎರಡು ಮೂರು ಪಾಲು ಮಾಡಿ ಕೊಟ್ಟ ವಸತಿಗಳು. ಇವುಗಳಲ್ಲಿ ಅಂಗಳವೊಂದು, ಮೆಟ್ಟಿಲೊಂದು, ಮಾಳಿಗೆಯೊಂದು. ಸಂಸಾರಗಳು ಮಾತ್ರ ಮೂರು. ಇನ್ನು ಕೆಲಸವನ್ನರಸಿ ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಹೋದವರ ಮನೆಗಳು ತಿಂಗಳುಗಟ್ಟಲೆ ಕೀಲಿ ಹಾಕಿಕೊಂಡಿರುತ್ತವೆ. ಇಲ್ಲವೆ ವೃದ್ಧ ತಾಯಿಯೊಬ್ಬಳೇ ಅಲ್ಲಿ ಇರುತ್ತಾಳೆ.

ಮನೆಯ ಭದ್ರತೆಯೆಂದ ಕೂಡಲೆ ಈಗಿನವರ ಮನಸ್ಸು ಕ್ಯಾಮೆರಾದ ಕಡೆಗೆ ಓಡುತ್ತದೆ. ಆದರೆ ಬಾಡಿಗೆಯ ಮನೆಗೆ ಕಾಲಿಡುವವನು ಮೊದಲು ಕೇಳತಕ್ಕ ಪ್ರಶ್ನೆಯು ಬೇರೆ: ಈ ಬಾಗಿಲಿನ ಕೀಲಿಕೈಗಳು ಒಟ್ಟು ಎಷ್ಟು, ಅವು ಯಾರ ಯಾರ ಬಳಿಯಲ್ಲಿವೆ? ಹಿಂದೆ ಇದ್ದವನು ಒಂದನ್ನು ಮರೆತು ಒಯ್ದಿರಬಹುದು. ಅವನ ಮನೆಗೆಲಸದವಳ ಬಳಿ ಇನ್ನೊಂದಿರಬಹುದು. ಸುಣ್ಣ ಬಳಿಯಲು ಬಂದವನಿಗೆ ಕೊಟ್ಟದ್ದು ತಿರುಗಿ ಬಂದಿತೋ ಇಲ್ಲವೋ ಮಾಲಕರಿಗೇ ನೆನಪಿರಲಿಕ್ಕಿಲ್ಲ. ಕೀಲಿ ಮುರಿದು ಬಂದವನು ಗುರುತು ಬಿಟ್ಟು ಹೋಗುತ್ತಾನೆ. ಕೀಲಿಕೈಯಿಂದ ತೆರೆದು ಬಂದವನು ಗುರುತನ್ನೂ ಬಿಡುವುದಿಲ್ಲ. ಮೇಲಾಗಿ ಸಂಶಯವು ನಿರಪರಾಧಿಯಾದ ಮಾಲಕನ ಮೇಲೋ, ಬಡ ಕೆಲಸದವಳ ಮೇಲೋ ಬಂದು ಕೂಡುತ್ತದೆ. ಒಂದು ಹಳೆಯ ಕೀಲಿಕೈಯಿಂದ ಹೋಗುವುದು ಬಂಗಾರವೊಂದೇ ಅಲ್ಲ, ಎರಡು ಮನೆಗಳ ನಡುವಿನ ವಿಶ್ವಾಸವೂ ಹೋಗುತ್ತದೆ.

ಆದಕಾರಣ ಮೊದಲನೆಯ ಕೆಲಸವು ಕೀಲಿಯನ್ನು ಬದಲಿಸುವುದು. ಕೊಂಡಿಗೆ ಹಾಕುವ ಕೀಲಿಯಾದರೆ ನಿಮ್ಮದನ್ನು ಹಾಕಿ, ಮಾಲಕರದನ್ನು ಅವರಿಗೇ ಒಪ್ಪಿಸಿಬಿಡಿರಿ. ಬಾಗಿಲಿನೊಳಗೆ ಕೂಡಿಸಿದ ಕೀಲಿಯಾದರೆ ಹಲವು ಮಾದರಿಗಳಲ್ಲಿ ಕೀಲಿಕೈ ಹೋಗುವ ಒಳಗಿನ ಕೊಳವೆಯಷ್ಟನ್ನೇ ಬದಲಿಸಬಹುದು; ಹಳೆಯದನ್ನು ಕಾಗದದಲ್ಲಿ ಸುತ್ತಿಟ್ಟುಕೊಂಡು ಮನೆ ಬಿಡುವಾಗ ಮರಳಿ ಕೂಡಿಸತಕ್ಕದ್ದು. ಮಾಲಕರಿಗೆ ತಿಳಿಸದೆ ಇದನ್ನು ಮಾಡಬಾರದು. "ಅಣ್ಣಾರ, ಕೀಲಿ ಬದಲಿಸ್ತೀನ್ರಿ, ಹಳೇದು ನನ್ನ ಹತ್ರ ಜ್ವಾಪಾನ ಇರ್ತದ" ಎಂದು ಮೊದಲೇ ಹೇಳಿದರೆ ಸಿಟ್ಟಾಗುವ ಮಾಲಕರು ವಿರಳ. ಅವರು ಒಂದು ಕೀಲಿಕೈಯನ್ನು ಕೇಳಿದರೆ ಲಕ್ಕೋಟೆಯಲ್ಲಿಟ್ಟು, ಅಂಟಿಸಿ, ಅಂಟಿನ ಮೇಲೆ ರುಜು ಮಾಡಿ ಕೊಡಬಹುದು. ಬೆಂಕಿ ಅಥವಾ ನೀರಿನ ಅಪಾಯದಲ್ಲಿ ಅದು ಉಪಯೋಗಕ್ಕೆ ಬರುವುದು. ಉಳಿದ ಕಾಲದಲ್ಲಿ ಅಂಟು ಒಡೆದಿಲ್ಲವೆಂಬುದೇ ಇಬ್ಬರಿಗೂ ಸಮಾಧಾನ.

ಈ ವಿಷಯದಲ್ಲಿ ಕಾಯಿದೆಯು ಏನು ಹೇಳುತ್ತದೆಂಬುದನ್ನು ತಿಳಿದಿರುವುದು ಒಳ್ಳೆಯದು. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 108ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಬಾಡಿಗೆದಾರನು ತಾನು ಕೂಡಿಸಿದ ವಸ್ತುಗಳನ್ನು ಸ್ವಾಧೀನವು ತನ್ನಲ್ಲಿರುವವರೆಗೆ ತೆಗೆದುಕೊಂಡು ಹೋಗಬಹುದು. ಆದರೆ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲಿಯೇ ಬಿಡಬೇಕು. ಮಾಲಕರ ಒಪ್ಪಿಗೆಯಿಲ್ಲದೆ ಶಾಶ್ವತವಾದ ಕಟ್ಟಡವನ್ನು ಕಟ್ಟಲಾಗದು. ಯೋಗ್ಯವಾದ ವೇಳೆಯಲ್ಲಿ ಮಾಲಕರು ಬಂದು ಮನೆಯ ಸ್ಥಿತಿಯನ್ನು ನೋಡುವುದಕ್ಕೆ ಅಡ್ಡಿ ಮಾಡಲೂ ಆಗದು. ತಾತ್ಪರ್ಯವಿಷ್ಟೇ: ಬಾಡಿಗೆದಾರನ ಭದ್ರತೆಯು ತಿರುಪಿನಿಂದ ಕೂಡಿಸಿ ತಿರುಪಿನಿಂದ ಬಿಚ್ಚತಕ್ಕಂಥದಾಗಿರಬೇಕು. ಕಿಟಕಿಗೆ ಕಬ್ಬಿಣದ ಸರಳು ಬೇಕಾದರೆ ಮಾಲಕರಿಂದ ಹಾಕಿಸಿಕೊಳ್ಳತಕ್ಕದ್ದು; ವೆಚ್ಚವನ್ನು ಹಂಚಿಕೊಂಡರೆ ಅದನ್ನು ಕರಾರುಪತ್ರದಲ್ಲಿ ಒಂದು ಸಾಲಾಗಿ ಬರೆಯಿಸಿರಿ.

ಎರಡನೆಯದು ಬಾಗಿಲು. ಕೀಲಿಯು ಎಷ್ಟು ಬೆಲೆಯದಾದರೂ ಅದು ತೂಗುವ ಕೊಂಡಿಯನ್ನು ಅರ್ಧ ಅಂಗುಲದ ತಿರುಪಿನಿಂದ ಕೂಡಿಸಿದ್ದರೆ ಅಷ್ಟೂ ಹಣವು ವ್ಯರ್ಥ. ಒಂದು ಕಬ್ಬಿಣದ ಸಲಾಕಿಯಿಂದ ಕೊಂಡಿಯೇ ಕಿತ್ತು ಬರುತ್ತದೆ. ಉದ್ದವಾದ ತಿರುಪು ಚೌಕಟ್ಟಿನ ಕಟ್ಟಿಗೆಯ ಆಳಕ್ಕೆ ಹೋಗಿರಬೇಕು. ಹೊರಗಿನಿಂದ ತಿರುಪಿನ ತಲೆ ಕಾಣಿಸಬಾರದು. ಹಿತ್ತಲ ಬಾಗಿಲನ್ನೂ, ಮಾಳಿಗೆಗೆ ಹೋಗುವ ಮೆಟ್ಟಿಲಿನ ಬಾಗಿಲನ್ನೂ ತಲೆಬಾಗಿಲಿನಷ್ಟೇ ಲಕ್ಷ್ಯಗೊಟ್ಟು ನೋಡಿರಿ. ಹಳೆಯ ಮನೆಗಳಲ್ಲಿ ಬೆಳಕಿಂಡಿಯ ಮೇಲೆ ಸರಳಿದೆಯೋ ಬರಿಯ ಗಾಜಿದೆಯೋ ಎಂಬುದನ್ನು ಮೇಲೆ ಹತ್ತಿಯೇ ಪರೀಕ್ಷಿಸಬೇಕು. ಬೇಸಗೆಯಲ್ಲಿ ಸೆಕೆಯನ್ನು ತಾಳಲಾರದೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುವ ರೂಢಿಯು ನಮ್ಮಲ್ಲುಂಟು. ಆಗ ಕೆಳಗಿನ ಬಾಗಿಲು ಬರಿದೆ ಮುಂದೆ ಮಾಡಿದ್ದರೆ ಅದು ಕಳ್ಳನಿಗೆ ಕೊಟ್ಟ ಆಮಂತ್ರಣವೇ ಸರಿ. ಕೆಳಗೆ ಕೀಲಿ ಹಾಕಿ, ಕೀಲಿಕೈಯನ್ನು ದಿಂಬಿನ ಕೆಳಗಿಟ್ಟು ಮಲಗತಕ್ಕದ್ದು.

ಮೂರನೆಯದು ಯಂತ್ರಗಳು. ಬಾಡಿಗೆದಾರನಿಗೆ ಉಪಯುಕ್ತವಾದವು ಮುಖ್ಯವಾಗಿ ಮೂರು.

ಮೊದಲನೆಯದು ಬಾಗಿಲಿನ ಗಂಟೆ. ಬಾಗಿಲ ಮೇಲೊಂದು ಚಿಕ್ಕ ಅಯಸ್ಕಾಂತ, ಚೌಕಟ್ಟಿನ ಮೇಲೊಂದು ಡಬ್ಬಿ. ಬಾಗಿಲು ತೆರೆದು ಇವು ಅಗಲಿದ ಕೂಡಲೆ ಗಂಟೆ ಕೂಗುತ್ತದೆ. ಇದರ ಬೆಲೆ ಅಲ್ಪ, ಗೋಡೆ ಕೊರೆಯುವ ಕಾರಣವಿಲ್ಲ. ಆದರೆ ನಮ್ಮ ಕಡೆಯ ಅನೇಕ ಬಾಗಿಲುಗಳು ಕಬ್ಬಿಣದ ತಗಡಿನವು. ಕಬ್ಬಿಣವು ಅಯಸ್ಕಾಂತದ ಬಲವನ್ನು ತನ್ನ ಕಡೆಗೆ ಸೆಳೆದುಕೊಳ್ಳುವುದರಿಂದ ನಡುವೆ ಕಟ್ಟಿಗೆಯ ಅಥವಾ ಪ್ಲಾಸ್ಟಿಕ್ಕಿನ ತುಂಡನ್ನಿಟ್ಟು ಕೂಡಿಸಬೇಕು. ಸುಣ್ಣದ ಗೋಡೆಯ ಮೇಲೆ ಅಂಟಿನ ಪಟ್ಟಿ ನಿಲ್ಲದು. ಬೇಸಗೆಯಲ್ಲಂತೂ ಕಳಚಿ ಬೀಳುತ್ತದೆ. ಅದನ್ನು ಕಟ್ಟಿಗೆಯ ಚೌಕಟ್ಟಿಗೆ ಅಂಟಿಸುವುದು ಲೇಸು.

ಎರಡನೆಯದು ಚಲನವನ್ನು ಅರಿಯುವ ಸೆನ್ಸರ್. ಇದು ಮನುಷ್ಯನ ಮೈಯ ಶಾಖವು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುವುದನ್ನು ಕಂಡುಕೊಳ್ಳುತ್ತದೆ. ಗೋಡೆಯ ಶಾಖಕ್ಕೂ ಮೈಯ ಶಾಖಕ್ಕೂ ಅಂತರವಿದ್ದರೆ ಮಾತ್ರ ಇದರ ಕಣ್ಣು ಚುರುಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಉಷ್ಣತೆಯು 40 ಅಂಶವನ್ನು ದಾಟುತ್ತದೆ. ಮುಚ್ಚಿದ ಮನೆಯ ಕಲ್ಲುಗೋಡೆಯು ಹೊತ್ತು ಮುಳುಗಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುತ್ತದೆ. ಆಗ ಈ ಯಂತ್ರವು ಮಂದವಾಗುತ್ತದೆಂಬುದನ್ನು ಮಾರುವವರು ಹೇಳುವುದು ಕಡಿಮೆ. ಆದಕಾರಣ ಇದೊಂದನ್ನೇ ನೆಚ್ಚಬಾರದು. ಬರುವವನು ಇದರ ಎದುರಿನಿಂದ ಬರುವಂತೆ ಇಡದೆ, ಅಡ್ಡಲಾಗಿ ಹಾಯುವಂತೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಬೆಕ್ಕು ಸುಳಿಯುವ ಮನೆಯಾದರೆ ಸುಳ್ಳು ಕೂಗು ತಪ್ಪಿದ್ದಲ್ಲ.

ಮೂರನೆಯದು ಕ್ಯಾಮೆರಾ. ಗೋಡೆ ಕೊರೆಯದೆ ಕಪಾಟಿನ ಮೇಲಿಟ್ಟು, ದೂರದ ಊರಿನಿಂದ ಮೊಬೈಲಿನಲ್ಲಿ ನೋಡತಕ್ಕ ಚಿಕ್ಕ ಕ್ಯಾಮೆರಾಗಳು ಈಗ ಅಗ್ಗವಾಗಿವೆ. ಆದರೆ ಕರೆಂಟು ಹೋದರೆ ಇವು ಕುರುಡು. ಕ್ಯಾಮೆರಾಕ್ಕೂ ವೈಫೈ ರೂಟರಿಗೂ ಬ್ಯಾಟರಿಯ ಆಸರೆ ಬೇಕು. ದಪ್ಪನ್ನ ಕಲ್ಲುಗೋಡೆಯನ್ನು ದಾಟುವಾಗ ವೈಫೈ ಸೊರಗುತ್ತದೆ. ಕೊಳ್ಳುವ ಮೊದಲು ಆ ಸ್ಥಳದಲ್ಲಿ ಮೊಬೈಲನ್ನು ಹಿಡಿದು ಪರೀಕ್ಷಿಸಿರಿ. ಚಿತ್ರವನ್ನು ಶೇಖರಿಸುವ ಮೆಮರಿ ಕಾರ್ಡು ಒಳಗಿರಲಿ. ಕೊಂಡ ದಿನವೇ ಪಾಸ್‌ವರ್ಡನ್ನು ಬದಲಿಸತಕ್ಕದ್ದು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ಕಾರ್ಯಕ್ರಮವು, ಕಾರಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡಿತು. ಅವುಗಳಲ್ಲಿ ಮನೆಗಳನ್ನು ಕಾಯಲು ಇಟ್ಟ ಕ್ಯಾಮೆರಾಗಳೂ ಬಹಳವಿದ್ದವು. ಕಾವಲುಗಾರನೇ ಪರರ ಆಳಾದರೆ ಮನೆಯ ಗತಿಯೇನು?

ಕ್ಯಾಮೆರಾವು ಎತ್ತ ನೋಡುತ್ತದೆಂಬುದು ಇನ್ನೂ ಸೂಕ್ಷ್ಮವಾದ ವಿಷಯ. ಅದು ನಿಮ್ಮ ಹೊಸ್ತಿಲನ್ನು ನೋಡಲಿ; ಎದುರು ಮನೆಯ ಹೊಸ್ತಿಲನ್ನಲ್ಲ, ಹೆಣ್ಣುಮಕ್ಕಳು ನೀರು ತುಂಬುವ ಅಂಗಳವನ್ನಲ್ಲ. ಮಾಲಕರು ತಮ್ಮ ಕ್ಯಾಮೆರಾವನ್ನು ಬಾಡಿಗೆಯವರ ಬಾಗಿಲಿನೊಳಕ್ಕೆ ತಿರುಗಿಸಿಡುವುದೂ ಅಷ್ಟೇ ಅನುಚಿತ. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪಿತ್ತಿದೆ. ನ್ಯಾಯಾಲಯದ ಮಾತು ಹಾಗಿರಲಿ, ಒಂದೇ ಮನೆಯೊಳಗೂ ಈ ಮರ್ಯಾದೆಯು ಬೇಕು. ಪರವೂರಿನಲ್ಲಿರುವ ಮಗನು ತಾಯಿಯ ಕ್ಷೇಮಕ್ಕೆಂದು ಕ್ಯಾಮೆರಾ ಇಡುವುದಾದರೆ ಅವಳಿಗೆ ತಿಳಿಸಿ, ಅವಳನ್ನು ಒಪ್ಪಿಸಿ, ಪಡಸಾಲೆಯಲ್ಲಿಡಲಿ. ಮಲಗುವ ಕೋಣೆಯಲ್ಲಿ ಬೇಡ. ತನ್ನನ್ನು ಕಾಯುತ್ತಿರುವರೋ ತನ್ನ ಮೇಲೆ ಕಣ್ಣಿಟ್ಟಿರುವರೋ ಎಂಬ ಸಂಶಯವು ವೃದ್ಧೆಯ ಮನಸ್ಸಿಗೆ ಬರಬಾರದು.

ಇಷ್ಟೆಲ್ಲ ಆದರೂ ಒಂದು ಮಾತು ಉಳಿಯಿತು. ಯಂತ್ರವು ಸುದ್ದಿಯನ್ನು ಹೇಳುತ್ತದೆ, ಕಳ್ಳನನ್ನು ಹಿಡಿಯುವುದಿಲ್ಲ. ಸುರಪುರದ ಮನೆಯಲ್ಲಿ ಗಂಟೆ ಕೂಗಿದ್ದು ಬೆಂಗಳೂರಿನಲ್ಲಿರುವವನಿಗೆ ಕೇಳಿಸಿತು; ಆ ಮೇಲೇನು? 112ಕ್ಕೆ ಕರೆ ಮಾಡಿ ವಿಳಾಸವನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು ನಿಜ. ಬೇರೆ ಊರಿನಿಂದ ಕರೆ ಮಾಡುವವನು ಸ್ಥಳೀಯ ಠಾಣೆಯ ನಂಬರನ್ನೂ ಬರೆದಿಟ್ಟುಕೊಂಡಿರಬೇಕು. ಆದರೆ ಮೊದಲು ಹೊರಗೆ ಬಂದು ದೀಪ ಹಾಕಿ "ಯಾರ ಅಲ್ಲಿ?" ಎಂದು ಕೂಗತಕ್ಕವರು ನೆರೆಯವರೇ. 1705ರಲ್ಲಿ ಔರಂಗಜೇಬನು ಸುರಪುರದ ಸಮೀಪದ ವಾಗಿನಗೇರಾ ಕೋಟೆಯನ್ನು ಮುತ್ತಿದಾಗ ಬೇಡ ನಾಯಕರು ಕಲ್ಲುಗಳನ್ನಷ್ಟೇ ನಂಬಿ ಕುಳಿತಿರಲಿಲ್ಲ. ಮರಾಠಾ ದಂಡು ಅವರ ನೆರವಿಗೆ ಬಂದಿತು. ಕೋಟೆಯು ಕಡೆಗೆ ಬಾದಶಹನ ಕೈಸೇರಿದರೂ ನಾಯಕನು ಸಿಕ್ಕಲಿಲ್ಲ. ಕೋಟೆಯುಳ್ಳವರಿಗೂ ನೆರೆಯವರು ಬೇಕಾಗಿರಲು, ಎರಡು ಕೋಣೆಯ ಬಾಡಿಗೆದಾರನಿಗೆ ಬೇಡವೆ? ಊರಿಗೆ ಹೋಗುವಾಗ ಪಕ್ಕದ ಮನೆಯ ಅವ್ವನವರಿಗೂ, ಬೀಟಿನ ಪೋಲೀಸರಿಗೂ ತಿಳಿಸಿ ಹೋಗಿರಿ. ಹೋದ ಸುದ್ದಿಯನ್ನು ಚಿತ್ರಸಮೇತ ಮೊಬೈಲಿನಲ್ಲಿ ಜಗತ್ತಿಗೆ ಸಾರುವ ಹುಮ್ಮಸ್ಸನ್ನು ತಿರುಗಿ ಬಂದ ಮೇಲೆ ತೀರಿಸಿಕೊಳ್ಳಬಹುದು.

ನೆರೆಯವರನ್ನು ನಂಬಬೇಕೆಂದರೆ ಬಂದವರನ್ನೆಲ್ಲ ನಂಬಬೇಕೆಂದು ಅರ್ಥವಲ್ಲ. ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು 1839ರಲ್ಲಿ ಠಕ್ಕರ ಕುರಿತು ಒಂದು ಕಾದಂಬರಿಯನ್ನು ಪ್ರಕಟಿಸಿದನು. ಆ ಠಕ್ಕರು ಬಾಗಿಲು ಮುರಿದವರಲ್ಲ. ಸವಿಮಾತಿನಿಂದ ದಾರಿಹೋಕರ ವಿಶ್ವಾಸವನ್ನು ಗಳಿಸಿದವರು. ಆಭರಣಕ್ಕೆ ಹೊಳಪು ಕೊಡುವೆವೆಂದು ಮಧ್ಯಾಹ್ನ ಬರುವವರು ಅದೇ ಜಾತಿಯ ಜನ. ಗಂಡಸರಿರಲಿ ಹೆಂಗಸರಿರಲಿ, ಸರಪಳಿ ತೆಗೆಯದೆಯೇ ಮಾತಾಡಿ ಕಳುಹಿಸತಕ್ಕದ್ದು.

ಕಡೆಯದಾಗಿ ಬಂಗಾರ. ದಿನಬಳಕೆಯದನ್ನು ಬಿಟ್ಟು ಉಳಿದುದು ಬಾಡಿಗೆಯ ಮನೆಯಲ್ಲಿ ಇರತಕ್ಕದ್ದಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಜನವರಿಯಿಂದ, ಬ್ಯಾಂಕಿನ ಲಾಕರು ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ನೌಕರರ ವಂಚನೆಯಿಂದ ಹಾಳಾದರೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆಯಾಗಿರುತ್ತದೆ. 2023ರ ಏಪ್ರಿಲಿನಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕಿನ ಒಡವೆಗಳ ಮೇಲೆ ಆರು ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಅದನ್ನೂ, ಒಡವೆಯ ಚಿತ್ರವನ್ನೂ, ರಸೀತಿಯನ್ನೂ ಬೇರೆಡೆಯಲ್ಲಿಟ್ಟಿರಿ. ಕಳೆದದ್ದು ಸಿಕ್ಕಾಗ ತನ್ನದೆಂದು ಹೇಳುವುದಕ್ಕೆ ಅದೇ ಸಾಕ್ಷಿ. ಕಳವಾದದ್ದು ಕಂಡರೆ ಯಾವುದನ್ನೂ ಮುಟ್ಟದೆ ಠಾಣೆಗೆ ತಿಳಿಸಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಅಪರಾಧವು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ಕೊಡಬಹುದು. ವಿದ್ಯುನ್ಮಾನದ ಮೂಲಕ ತಿಳಿಸಿದರೆ ಮೂರು ದಿನಗಳೊಳಗೆ ರುಜು ಮಾಡಬೇಕು. ದಾಖಲಾದ ಮಾಹಿತಿಯ ಪ್ರತಿಯು ದೂರುದಾರನಿಗೆ ಉಚಿತವಾಗಿ ದೊರೆಯತಕ್ಕದ್ದು.

ಮನೆಯನ್ನು ಬಿಡುವ ದಿನ ಕ್ಯಾಮೆರಾದ ಕಾರ್ಡನ್ನು ತೆಗೆದುಕೊಳ್ಳಿರಿ, ಯಂತ್ರಗಳನ್ನು ಬಿಚ್ಚಿರಿ, ತಿರುಪಿನ ತೂತುಗಳನ್ನು ತುಂಬಿಸಿರಿ, ಸುತ್ತಿಟ್ಟ ಹಳೆಯ ಕೀಲಿಯನ್ನು ಮರಳಿ ಕೂಡಿಸಿರಿ. ಕೀಲಿಕೈಗಳನ್ನು ಮಾಲಕರ ಎದುರಿಗೆ ಎಣಿಸಿ ಕೊಡಿರಿ. ನಿಮ್ಮ ನಂತರ ಆ ಮನೆಗೆ ಬರುವ ಸಂಸಾರವು "ಕೀಲಿಕೈ ಎಷ್ಟು?" ಎಂದು ಕೇಳಿದಾಗ, ಮಾಲಕರು ಅನುಮಾನಿಸದೆ ಒಂದು ಸಂಖ್ಯೆಯನ್ನು ಹೇಳುವಂತಾಗಲಿ.