‘ಏನೂ ಇಲ್ಲ ಸರ್’ ಎಂಬ ಉತ್ತರ

ಜೂನ್ ತಿಂಗಳಲ್ಲಿ ಶಾಲೆ ತೆರೆದು, ಪ್ರವೇಶೋತ್ಸವದ ತೋರಣಗಳು ಬಾಡುವ ಹೊತ್ತಿಗೆ, ತರಗತಿಯ ಅಧ್ಯಾಪಕನ ಮೇಜಿನ ಮೇಲೆ ಮಕ್ಕಳ ವಿವರಗಳ ಹಾಳೆಗಳು ರಾಶಿ ಬೀಳುತ್ತವೆ. ಹೆಸರು, ಜನನ ದಿನಾಂಕ, ಮನೆಮಾತು, ಹೆತ್ತವರ ಉದ್ಯೋಗ, ಇವನ್ನೆಲ್ಲ ಮಕ್ಕಳು ತಡವರಿಸದೆ ತುಂಬುತ್ತಾರೆ. ಕೊನೆಯ ಸಾಲಿಗೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ‘ವಿಶೇಷ ಪ್ರತಿಭೆ ಮತ್ತು ಹವ್ಯಾಸ’ ಎಂಬುದು ಆ ಸಾಲು. ಸಂಗೀತದ ಪಾಠಕ್ಕೆ ಹೋಗುವ ಒಬ್ಬಿಬ್ಬರು, ಚೆಸ್ ತರಬೇತಿಗೆ ಹೋಗುವ ಒಬ್ಬಿಬ್ಬರು ಉತ್ಸಾಹದಿಂದ ಬರೆಯುತ್ತಾರೆ. ಉಳಿದವರು ಒಂದು ಅಡ್ಡಗೆರೆ ಎಳೆದು ಹಾಳೆಯನ್ನು ಮರಳಿಸುತ್ತಾರೆ.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಹುಡುಗನೊಬ್ಬ ಹಾಗೆ ಗೆರೆ ಎಳೆದುಕೊಟ್ಟಿದ್ದ. ‘ಏನಾದರೂ ಇರಬೇಕಲ್ಲ’ ಎಂದು ಕೇಳಿದ್ದಕ್ಕೆ ‘ಏನೂ ಇಲ್ಲ ಸರ್’ ಎಂದ. ಅವನ ದನಿಯಲ್ಲಿ ದುಃಖವೂ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಮಳೆ ಬರುತ್ತಿದೆ ಎಂದಷ್ಟೇ ಸಹಜವಾಗಿ ಅವನು ತನಗೇನೂ ಬರುವುದಿಲ್ಲ ಎಂದಿದ್ದ.

ಆ ವರ್ಷದ ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ನಾಲ್ಕು ಮುಟ್ಟಾಳೆಗಳು ಬೇಕಾದವು. ಪೇಟೆಯಲ್ಲಿ ಹುಡುಕಿದೆವು, ಸಿಗಲಿಲ್ಲ. ಮಾರನೆಯ ದಿನ ಬೆಳಗ್ಗೆ ಅದೇ ಹುಡುಗ ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಮುಟ್ಟಾಳೆಗಳನ್ನು ತಂದು ಮೇಜಿನ ಮೇಲಿಟ್ಟ. ನಾಲ್ಕೂ ಬೇರೆ ಬೇರೆ ಅಳತೆಯವು. ಪಾತ್ರಧಾರಿಗಳ ತಲೆಯನ್ನು ಹಿಂದಿನ ದಿನ ಕಣ್ಣಳತೆಯಲ್ಲೇ ನೋಡಿಕೊಂಡಿದ್ದನಂತೆ. ಅಡಿಕೆ ಹಾಳೆಯನ್ನು ನೀರಿನಲ್ಲಿ ಮೆತ್ತಗಾಗಿಸಿ, ಸೀಳದಂತೆ ಮಡಚಿ, ಹೊಲಿದು ತಂದಿದ್ದ. ‘ಯಾರು ಕಲಿಸಿದರು?’ ಎಂದು ಕೇಳಿದೆ. ‘ಯಾರೂ ಕಲಿಸಲಿಲ್ಲ ಸರ್. ಅಜ್ಜ ಮಾಡುವಾಗ ನೋಡುತ್ತಿದ್ದೆ. ಮೊದಲು ಮಾಡಿದ್ದೆಲ್ಲ ಹರಿದುಹೋಯಿತು.’ ‘ಮತ್ತೆ ಜೂನ್‌ನಲ್ಲಿ ಯಾಕೆ ಬರೆಯಲಿಲ್ಲ?’ ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. ‘ಅದು ಹವ್ಯಾಸ ಅಲ್ಲ ಸರ್, ಮನೆ ಕೆಲಸ.’

ಆ ಉತ್ತರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ತಪ್ಪು ಹುಡುಗನದಲ್ಲ, ನಾನು ಕೇಳಿದ ಪ್ರಶ್ನೆಯದು. ಶುಲ್ಕ ಕೊಟ್ಟು ಕಲಿತದ್ದು ಪ್ರತಿಭೆ, ಪ್ರಮಾಣಪತ್ರ ಸಿಕ್ಕಿದ್ದು ಸಾಧನೆ, ಬಿಡುವಿದ್ದವರು ಮಾಡುವುದು ಹವ್ಯಾಸ. ಅಂಗಳದಲ್ಲಿ, ತೋಟದಲ್ಲಿ, ಅಡುಗೆಮನೆಯಲ್ಲಿ ನೋಡಿ ಕಲಿತದ್ದು ಯಾವ ಲೆಕ್ಕಕ್ಕೂ ಸೇರದ ‘ಮನೆ ಕೆಲಸ’. ಈ ವಿಂಗಡಣೆಯನ್ನು ಮಕ್ಕಳು ಹುಟ್ಟುವಾಗ ತಂದುದಲ್ಲ. ನಾವೇ, ಅಧ್ಯಾಪಕರೂ ಹೆತ್ತವರೂ ಸೇರಿ, ಅವರಿಗೆ ಕಲಿಸಿದ್ದು.

1957ರಲ್ಲಿ ಎರ್ನಾಕುಳಂನಲ್ಲಿ ಆರಂಭವಾದ ಕೇರಳದ ಶಾಲಾ ಕಲೋತ್ಸವ ಇಂದು ಬೃಹತ್ತಾಗಿ ಬೆಳೆದಿದೆ. ಅದರಲ್ಲಿ ಕನ್ನಡ ಕಂಠಪಾಠಕ್ಕೂ ಯಕ್ಷಗಾನಕ್ಕೂ ಸ್ಥಾನ ದೊರಕಿರುವುದು ಗಡಿನಾಡಿನ ನಮ್ಮ ಮಕ್ಕಳ ಭಾಗ್ಯ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ವೇದಿಕೆಯ ಮೇಲೆ ಕೆಲವು ನಿಮಿಷಗಳಲ್ಲಿ ತೋರಿಸಿ ಗ್ರೇಡ್ ಪಡೆಯಬಹುದಾದುದು ಮಾತ್ರ ಪ್ರತಿಭೆ ಎಂಬ ಭಾವನೆ ಬೇರೂರಿದರೆ, ವೇದಿಕೆ ಏರದ ನೂರು ಮಕ್ಕಳಿಗೆ ನಾವು ಹೇಳಿದ್ದೇನು?

ನಮ್ಮ ಹಿರಿಯರು ತಮ್ಮ ಬಲ್ಮೆಯನ್ನು ತಾವೇ ಹೇಳಿಕೊಳ್ಳಲು ಹಿಂಜರಿಯುತ್ತಿದ್ದುದಕ್ಕೆ ಕಾರಣವುಂಟು. ತಾಳಮದ್ದಲೆ ಕೇಳಿದ ಕಿವಿಗಳಿಗೆ ಕರ್ಣಪರ್ವದ ಆ ಸನ್ನಿವೇಶ ಹೊಸದಲ್ಲ. ಕರ್ಣನ ಬಾಣಗಳಿಂದ ನೊಂದ ಧರ್ಮರಾಯ, ಗಾಂಡೀವವನ್ನು ಬೇರೊಬ್ಬರಿಗೆ ಕೊಡು ಎಂದು ಅರ್ಜುನನನ್ನು ಮೂದಲಿಸುತ್ತಾನೆ. ಹಾಗೆಂದವರನ್ನು ಕೊಲ್ಲುವೆನೆಂಬ ಪ್ರತಿಜ್ಞೆಯುಳ್ಳ ಅರ್ಜುನ ಖಡ್ಗ ಹಿರಿಯುತ್ತಾನೆ. ಹಿರಿಯರನ್ನು ನಿಂದಿಸಿದರೆ ಕೊಂದಂತೆಯೇ ಎಂದು ಕೃಷ್ಣ ದಾರಿ ತೋರುತ್ತಾನೆ. ನಿಂದಿಸಿದ ಮೇಲೆ ಪಶ್ಚಾತ್ತಾಪದಿಂದ ಅರ್ಜುನ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ, ತನ್ನನ್ನು ತಾನು ಹೊಗಳಿಕೊಂಡರೆ ಅದೇ ಆತ್ಮಹತ್ಯೆಗೆ ಸಮ ಎನ್ನುತ್ತಾನೆ ಕೃಷ್ಣ. ಆತ್ಮಪ್ರಶಂಸೆಯನ್ನು ನಮ್ಮ ಪರಂಪರೆ ಅಷ್ಟು ಕಠಿಣವಾಗಿ ಕಂಡಿದೆ.

ಆದರೆ ‘ನನ್ನಂಥ ಬಿಲ್ಲಾಳು ಇನ್ನೊಬ್ಬನಿಲ್ಲ’ ಎನ್ನುವುದು ಬೇರೆ, ‘ನನಗೆ ಬಿಲ್ಲು ಹಿಡಿಯಲು ಬರುತ್ತದೆ’ ಎನ್ನುವುದು ಬೇರೆ. ಮೊದಲನೆಯದು ಹೊಗಳಿಕೆ, ಎರಡನೆಯದು ಕೇವಲ ನಿಜ. ನಿಜವನ್ನು ಹೇಳಲು ನಾಚುವ ಮಗು ವಿನಯವಂತನಾಗುವುದಿಲ್ಲ, ತನ್ನ ಬಗ್ಗೆ ಸುಳ್ಳು ಹೇಳಲು ಕಲಿಯುತ್ತದೆ, ಅಷ್ಟೆ.

ಹೇಳದೆ ದುಡಿದವರ ಒಂದು ದೃಷ್ಟಾಂತ ನಮ್ಮ ಗಡಿಯ ಬದಿಯಲ್ಲೇ ಇದೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಶಾಲೆಯ ಮೆಟ್ಟಿಲು ಏರಿದವರಲ್ಲ. ತೆಂಗು, ಅಡಿಕೆ ಮರ ಹತ್ತುವ ಕೂಲಿ ಕೆಲಸ ಅವರದು. ಭೂಮಾಲಕರೊಬ್ಬರು ಅವರಿಗೆ ಸುಮಾರು 2 ಎಕರೆ ಗುಡ್ಡದ ಜಾಗ ಕೊಟ್ಟರು, ಅಲ್ಲಿ ನೀರಿರಲಿಲ್ಲ. ಬಾವಿ ತೋಡಲು ಆಳು ಬೇಕು, ಆಳಿಗೆ ಹಣ ಬೇಕು. ಆದುದರಿಂದ ಒಬ್ಬರೇ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆಯತೊಡಗಿದರು. ಹಗಲೆಲ್ಲ ಕೂಲಿ, ಕತ್ತಲಾದ ಮೇಲೆ ದೀಪದ ಬೆಳಕಿನಲ್ಲಿ ಅಗೆತ. ಒಂದಾದ ಮೇಲೊಂದರಂತೆ ಐದು ಸುರಂಗಗಳು ವ್ಯರ್ಥವಾದವು; ನೋಡಿದವರು ನಕ್ಕರು. ಆರನೆಯದರಲ್ಲಿ ನೀರು ಒಸರಿತು. ಬೋಳುಗುಡ್ಡ ತೋಟವಾಯಿತು. 2022ರಲ್ಲಿ ಪದ್ಮಶ್ರೀ ಅವರನ್ನು ಅರಸಿಕೊಂಡು ಬಂತು.

ಕಾಸರಗೋಡಿನ ನಮಗೆ ಸುರಂಗವೆಂದರೆ ಹೊಸತಲ್ಲ. ಮುರಕಲ್ಲಿನ ಗುಡ್ಡದ ಒಡಲಿಗೆ ಆಳೊಬ್ಬ ಹಿಡಿಸುವಷ್ಟೇ ಅಗಲದ ದಾರಿ ಕೊರೆದು, ಪಂಪು, ವಿದ್ಯುತ್ತು ಒಂದೂ ಇಲ್ಲದೆ ನೀರು ತಾನಾಗಿ ಹರಿದುಬರುವಂತೆ ಮಾಡುವ ಈ ವಿದ್ಯೆಯನ್ನು ಯಾವ ಕಾಲೇಜೂ ಹುಟ್ಟುಹಾಕಲಿಲ್ಲ. ಎಲ್ಲಿ ಅಗೆಯಬೇಕೆಂಬುದನ್ನು ಅಲ್ಲಿ ಬೆಳೆದ ಗಿಡಮರ ಹೇಳುತ್ತದೆ; ಕಲ್ಲಿನ ತೇವ ಹೇಳುತ್ತದೆ. ಒಳಗೆ ಹೋಗುವವರು ಉರಿಯುವ ಮೇಣದ ಬತ್ತಿಯನ್ನು ಜೊತೆಗೊಯ್ಯುತ್ತಾರೆ. ಬತ್ತಿ ಆರಿತೆಂದರೆ ಉಸಿರಾಡುವ ಗಾಳಿ ಸಾಲದೆಂದರ್ಥ, ಕೂಡಲೇ ಹೊರಗೆ ಬರಬೇಕು. ಸ್ವಂತವಾಗಿ ಕಲಿತವರು ಕಣ್ಣುಮುಚ್ಚಿ ನುಗ್ಗುತ್ತಾರೆಂದು ಭಾವಿಸುವವರು ಈ ಬತ್ತಿಯನ್ನು ನೆನೆಯಬೇಕು. ಎಲ್ಲಿ ಹಿಂದಿರುಗಬೇಕೆಂಬ ಅರಿವೂ ವಿದ್ಯೆಯ ಒಂದು ಭಾಗವೇ.

ಬೆಳ್ಳೂರಿನ ಬಳಿಯ ಸತ್ಯನಾರಾಯಣ ಬೇಳೇರಿಯವರ ಕಥೆ ನಮ್ಮ ಜಿಲ್ಲೆಯದೇ. ಒಂದು ಹಿಡಿ ರಾಜಕಯಮೆ ಬೀಜದಿಂದ ಮೊದಲ್ಗೊಂಡ ಅವರ ಆಸಕ್ತಿ 650ಕ್ಕೂ ಮಿಕ್ಕಿದ ಭತ್ತದ ತಳಿಗಳ ಸಂರಕ್ಷಣೆಯವರೆಗೆ ಬೆಳೆಯಿತು. ವಿಸ್ತಾರವಾದ ಗದ್ದೆ ಅವರಿಗಿರಲಿಲ್ಲ. ಮಣ್ಣು ತುಂಬಿದ ಚೀಲಗಳಲ್ಲಿ ಒಂದೊಂದು ತಳಿಯನ್ನು ಬೇರೆಯಾಗಿ ಬೆಳೆದು, ಬೀಜ ಕಾಯ್ದಿರಿಸುವ ಕ್ರಮವನ್ನು ಅವರು ತಾವೇ ರೂಢಿಸಿಕೊಂಡರು. 2024ರಲ್ಲಿ ಅವರಿಗೂ ಪದ್ಮಶ್ರೀ ಬಂತು. ಶಾಲೆಯ ಆ ಹಾಳೆಯಲ್ಲಿ ಇದನ್ನು ಯಾವ ಸಾಲಿನಲ್ಲಿ ತುಂಬಬೇಕಾಗಿತ್ತು? ಹವ್ಯಾಸವೆಂದೇ, ಮನೆ ಕೆಲಸವೆಂದೇ?

ಇನ್ನು ಮಂಜೇಶ್ವರದ ಗೋವಿಂದ ಪೈಗಳು. 1883ರಲ್ಲಿ ಹುಟ್ಟಿದ ಅವರು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡರು, ಪದವಿ ಪೂರ್ಣವಾಗಲಿಲ್ಲ. ಊರಿಗೆ ಮರಳಿದವರು ಓದನ್ನು ನಿಲ್ಲಿಸಲಿಲ್ಲ. ಮನೆಯ ಗ್ರಂಥಭಂಡಾರವನ್ನೇ ವಿದ್ಯಾಲಯ ಮಾಡಿಕೊಂಡು 20ಕ್ಕೂ ಮಿಕ್ಕಿದ ಭಾಷೆಗಳ ಪರಿಚಯ ಪಡೆದರು, ಇತಿಹಾಸ ಸಂಶೋಧನೆ ನಡೆಸಿದರು, ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಪದವಿ ಇಲ್ಲದ ಪಂಡಿತರು ಅವರು.

ಈ ಮೂವರ ಹೆಸರು ಹೇಳಿದ್ದು ಪ್ರಶಸ್ತಿಗಾಗಿ ಅಲ್ಲ. ಪ್ರಶಸ್ತಿ ಬಾರದಿದ್ದರೂ ಆರನೆಯ ಸುರಂಗದ ನೀರು ಹರಿಯುತ್ತಿತ್ತು, ಭತ್ತ ತೆನೆಯೊಡೆಯುತ್ತಿತ್ತು. ನಮ್ಮ ಮಕ್ಕಳಲ್ಲಿ ಬಹುಪಾಲು ಮಂದಿಗೆ ಯಾವ ಪ್ರಶಸ್ತಿಯೂ ಬರಲಿಕ್ಕಿಲ್ಲ. ಆಗಲೂ ಅವರು ಬಲ್ಲುದು ಬಲ್ಲುದೇ.

ಕನ್ನಡ ಮಾಧ್ಯಮದ ಮನೆಗಳಿಗೆ ಇದು ಹೆಚ್ಚು ಮುಖ್ಯವಾಗಲು ಇನ್ನೊಂದು ಕಾರಣವಿದೆ. ನಮ್ಮ ಮಕ್ಕಳು ದಿನನಿತ್ಯ ಬೇರೆ ಭಾಷೆಯ ಫಲಕಗಳ, ಅರ್ಜಿಗಳ ನಡುವೆ ನಡೆಯುತ್ತಾರೆ. ‘ಕನ್ನಡದಲ್ಲಿ ಓದಿದರೆ ಏನು ಬರುತ್ತದೆ?’ ಎಂಬ ಪ್ರಶ್ನೆಯನ್ನು ಬಂಧುಗಳ ಬಾಯಿಂದಲೇ ಕೇಳುತ್ತಾರೆ. ತನಗೆ ಏನೂ ಬರುವುದಿಲ್ಲವೆಂದು ಮೊದಲೇ ನಂಬಿದ ಮಗುವಿಗೆ ಆ ಪ್ರಶ್ನೆ ಉತ್ತರವಾಗಿಯೇ ಕೇಳಿಸುತ್ತದೆ. ಅದೂ ಅಲ್ಲದೆ, ಹಾಳೆ, ಮಡಲು, ಮುಟ್ಟಾಳೆ, ಮುರಕಲ್ಲು, ಮದಕ ಮುಂತಾದ ನುಡಿಗಳು ಪಠ್ಯಪುಸ್ತಕದ ಆಶ್ರಯದಿಂದ ಬದುಕಿದವಲ್ಲ. ಕೈ ಕೆಲಸ ಮಾಡುವಾಗ ಬಾಯಿ ಆಡುವ ಮಾತುಗಳು ಅವು. ಕೈ ಮರೆತರೆ ಬಾಯಿಯೂ ಮರೆಯುತ್ತದೆ. ಮುಟ್ಟಾಳೆ ಮಾಡುವ ಹುಡುಗ ಹೊಲಿಗೆಯ ಒಂದೊಂದು ಹಂತಕ್ಕೂ ಅಜ್ಜ ಹೇಳಿದ ಹೆಸರನ್ನೇ ಹೇಳುತ್ತಿದ್ದ. ಅವುಗಳಲ್ಲಿ ಕೆಲವನ್ನು ನಾನು ಅಂದೇ ಮೊದಲ ಬಾರಿಗೆ ಕೇಳಿದೆ.

ಹೆತ್ತವರು ಮಾಡಬಹುದಾದುದೇನು? ದೊಡ್ಡ ಕಾರ್ಯಕ್ರಮವೇನೂ ಬೇಡ. ಹಳೆಯ ನೋಟುಪುಸ್ತಕವೊಂದನ್ನು ತೆಗೆದಿರಿಸಿ. ವಾರಕ್ಕೊಮ್ಮೆ, ಆದಿತ್ಯವಾರ ಸಂಜೆ, ಮನೆಮಂದಿಯೆಲ್ಲ ಕುಳಿತು ಒಬ್ಬೊಬ್ಬರೂ ತಮಗೆ ಬರುವ ಒಂದು ಕೆಲಸವನ್ನು ಅದರಲ್ಲಿ ಬರೆಯಲಿ. ಏನು ಬರುತ್ತದೆ, ಯಾರನ್ನು ನೋಡಿ ಕಲಿತದ್ದು, ಎಷ್ಟು ಸಲ ತಪ್ಪಿತು, ಈ ಮೂರೇ ಸಾಲು ಸಾಕು. ಮೂರನೆಯ ಸಾಲನ್ನು ಬಿಡಬಾರದು. ಐದು ಒಣ ಸುರಂಗಗಳಿಲ್ಲದೆ ಆರನೆಯದರ ಕಥೆ ಇಲ್ಲ. ತಾಯಿಯೂ ಬರೆಯಲಿ. ಸಾಂತಾಣಿ ಒಣಗಿಸುವುದನ್ನು, ಹಪ್ಪಳದ ಹದವನ್ನು, ಮಲ್ಲಿಗೆಯ ಗೆಲ್ಲು ಕಸಿ ಕಟ್ಟುವುದನ್ನು ‘ಬರುತ್ತದೆ’ ಎಂದು ಬರೆಯುವಾಗ ಎಷ್ಟೋ ತಾಯಂದಿರ ಪೆನ್ನೂ ನಿಲ್ಲುತ್ತದೆ. ತಾಯಿ ತನ್ನ ಬಲ್ಮೆಯನ್ನು ಲೆಕ್ಕಕ್ಕೆ ಹಿಡಿಯದ ಮನೆಯಲ್ಲಿ ಮಗಳು ತನ್ನದನ್ನು ಹೇಗೆ ಹಿಡಿದಾಳು?

ಮಗು ಬಲ್ಲುದನ್ನು ತಮ್ಮನಿಗೋ ತಂಗಿಗೋ ಕಲಿಸಲಿ. ಕಲಿಸುವಾಗ ತನ್ನ ಅರಿವಿನ ಕೊರತೆಯೂ ತಿಳಿದುಬರುತ್ತದೆ. ಅಲ್ಲಿ ಬಲ್ಲವರನ್ನು ಕೇಳಿ ತಿದ್ದಿಕೊಳ್ಳಲಿ. ಸ್ವಂತ ಕಲಿಕೆಯೆಂದರೆ ಗುರುವನ್ನು ನಿರಾಕರಿಸುವುದಲ್ಲ. ಆದರೆ ಒಂದು ಎಚ್ಚರ: ಮಗುವಿಗೆ ಚಿತ್ರ ಬಿಡಿಸುವುದು ಇಷ್ಟವೆಂದು ತಿಳಿದ ಮರುದಿನವೇ ತರಗತಿಗೆ ಸೇರಿಸಿ, ಸ್ಪರ್ಧೆಗೆ ಕಳುಹಿಸಿ, ಬಹುಮಾನ ಬಾರದಿದ್ದರೆ ಮುಖ ಸಣ್ಣದು ಮಾಡಬೇಡಿ. ಕೆಲವು ಸಂತೋಷಗಳು ಸಂತೋಷವಾಗಿಯೇ ಉಳಿಯಲಿ.

ನಾನೂ ನನ್ನ ಪಾಲಿನ ತಿದ್ದುಪಡಿ ಮಾಡಿಕೊಂಡಿದ್ದೇನೆ. ಇಲಾಖೆಯ ನಮೂನೆಯನ್ನು ಬದಲಿಸುವ ಅಧಿಕಾರ ನನಗಿಲ್ಲ. ಆದರೆ ಅದರ ಬೆನ್ನಿನಲ್ಲಿ ಖಾಲಿ ಜಾಗವಿರುತ್ತದೆ. ಅಲ್ಲಿ ಎರಡು ಪ್ರಶ್ನೆ ಬರೆಸುತ್ತೇನೆ: ‘ನಿನಗೆ ಏನು ಮಾಡಲು ಬರುತ್ತದೆ? ಅದನ್ನು ಯಾರನ್ನು ನೋಡಿ ಕಲಿತೆ?’ ಕಳೆದ ಜೂನ್‌ನಲ್ಲಿ ಬಂದ ಉತ್ತರಗಳಲ್ಲಿ ಕೆಲವು: ಹೋರಿಕರುವಿಗೆ ಮೂಗುದಾರ ಹಾಕುವುದು, ಮಾವನನ್ನು ನೋಡಿ. ಚೆಂಡೆಯ ಪೆಟ್ಟುಗಳನ್ನು ಬೆಂಚಿನ ಮೇಲೆ ನುಡಿಸುವುದು, ಆಟ ನೋಡಿ. ಅಜ್ಜಿಗೆ ಮಲಯಾಳದ ಔಷಧಿ ಚೀಟಿ ಓದಿ ಕನ್ನಡದಲ್ಲಿ ಹೇಳುವುದು, ಯಾರನ್ನೂ ನೋಡಿ ಅಲ್ಲ.

ಅಡ್ಡಗೆರೆ ಎಳೆದವರು ಇಬ್ಬರು ಮಾತ್ರ. ಅವರ ಮನೆಗೆ ಈ ತಿಂಗಳಲ್ಲಿ ಹೋಗಿ ಬರಬೇಕೆಂದಿದ್ದೇನೆ.