ಕ್ವಾಂಟಂ ಮಾಹಿತಿ ವಿಜ್ಞಾನ: ಗಣಕ ವಿಜ್ಞಾನವನ್ನು ಒಲ್ಲದ ಭೌತಶಾಸ್ತ್ರ ವಿದ್ಯಾರ್ಥಿಗಳಿಗೆ ಸೂಕ್ತವೇ?

ಕೇಂದ್ರ ಸಚಿವ ಸಂಪುಟವು 2023ರ ಏಪ್ರಿಲ್ 19ರಂದು ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ ಅನುಮೋದನೆ ನೀಡಿದ್ದು, 2023-24ರಿಂದ 2030-31ರವರೆಗಿನ ಅವಧಿಗೆ ರೂ. 6,003.65 ಕೋಟಿ ವೆಚ್ಚವನ್ನು ನಿಗದಿಪಡಿಸಲಾಗಿದೆ. ಈ ಹಿನ್ನೆಲೆಯಲ್ಲಿ, ಗಣಕ ವಿಜ್ಞಾನದಲ್ಲಿ ಒಲವಿಲ್ಲದ ಭೌತಶಾಸ್ತ್ರ ಪದವೀಧರರು ಈ ವ್ಯಾಸಂಗಕ್ಕೆ ಅರ್ಜಿ ಸಲ್ಲಿಸುವುದು ಉಚಿತವೇ ಎಂಬುದು ಪರಿಶೀಲನಾರ್ಹವಾಗಿದೆ. ತಪ್ಪು ಆಯ್ಕೆಯಿಂದ ವಿದ್ಯಾರ್ಥಿಯ ಅಮೂಲ್ಯ ವರ್ಷಗಳು ವ್ಯರ್ಥವಾಗುವ ಸಂಭವವಿರುತ್ತದೆ.

ಸದರಿ ವಿಷಯದ ಮೂಲವು ಭೌತಶಾಸ್ತ್ರವೇ ಆಗಿರುತ್ತದೆ. ಅಜ್ಞಾತ ಕ್ವಾಂಟಂ ಸ್ಥಿತಿಯೊಂದರ ಯಥಾವತ್ ಪ್ರತಿಯನ್ನು ತೆಗೆಯಲಾಗದೆಂದು 1982ರಲ್ಲಿ ಸಾಧಿಸಲಾಯಿತು. 1984ರಲ್ಲಿ ಬೆನೆಟ್ ಮತ್ತು ಬ್ರಸಾರ್ಡ್ ರೂಪಿಸಿದ ಗುಪ್ತ ಕೀಲಿ ವಿತರಣಾ ವಿಧಾನದ ಭದ್ರತೆಗೆ ಇಂತಹ ಪ್ರಕೃತಿ ನಿಯಮಗಳೇ ಆಧಾರ. 2022ರ ಭೌತಶಾಸ್ತ್ರ ನೊಬೆಲ್ ಪ್ರಶಸ್ತಿಯು ಆಸ್ಪೆ, ಕ್ಲೌಸರ್ ಮತ್ತು ಝೈಲಿಂಗರ್ ಅವರಿಗೆ ಸಂದದ್ದು ಪರಸ್ಪರ ಹೆಣೆದುಕೊಂಡ ಫೋಟಾನುಗಳ ಪ್ರಯೋಗಗಳಿಗಾಗಿ.

ಮಿಷನ್‌ನ ನಾಲ್ಕು ವಿಭಾಗಗಳೆಂದರೆ:
1. ಕ್ವಾಂಟಂ ಗಣನೆ (ಕೇಂದ್ರ: ಭಾರತೀಯ ವಿಜ್ಞಾನ ಸಂಸ್ಥೆ, ಬೆಂಗಳೂರು)
2. ಕ್ವಾಂಟಂ ಸಂವಹನ
3. ಸಂವೇದನೆ ಮತ್ತು ಮಾಪನ
4. ಪದಾರ್ಥಗಳು ಮತ್ತು ಸಾಧನಗಳು

ಇವುಗಳ ಪೈಕಿ ಗಣಕ ವಿಜ್ಞಾನದ ಅವಲಂಬನೆ ಹೆಚ್ಚಾಗಿರುವುದು ಮೊದಲನೆಯದರಲ್ಲಿ. ಅಲ್ಲಿಯೂ ಅತಿವಾಹಕ ಮಂಡಲಗಳ ನಿರ್ಮಾಣ, ಅಯಾನುಗಳ ಬಂಧನ ಮುಂತಾದವು ಪ್ರಯೋಗಶಾಲೆಯ ಭೌತಶಾಸ್ತ್ರದ ಕೆಲಸಗಳಾಗಿವೆ. ಆದರೆ 1994ರಲ್ಲಿ ಪೀಟರ್ ಶೋರ್ ನೀಡಿದ ಅಪವರ್ತನ ಕ್ರಮದಂತಹ ಅಲ್ಗಾರಿದಂಗಳನ್ನು ಅಥವಾ ದೋಷ ತಿದ್ದುವ ಸಂಕೇತಗಳ ಸಿದ್ಧಾಂತವನ್ನು ಅಭ್ಯಸಿಸಬಯಸುವವರು ಗಣಕ ವಿಜ್ಞಾನವನ್ನು ಬದಿಗಿಡುವಂತಿಲ್ಲ.

ಆದುದರಿಂದ ವಿದ್ಯಾರ್ಥಿಯು ತನಗೆ ಒಗ್ಗದಿರುವುದು ಯಾವುದೆಂದು ಮೊದಲು ಗುರುತಿಸಿಕೊಳ್ಳುವುದು ಅವಶ್ಯ. ತಂತ್ರಾಂಶ ರಚನೆಯ ಬಗ್ಗೆ ಬೇಸರವಿದ್ದಲ್ಲಿ ಅದು ಅಡ್ಡಿಯಾಗದು. ಆದಾಗ್ಯೂ ಉಪಕರಣಗಳ ನಿಯಂತ್ರಣ ಹಾಗೂ ದತ್ತಾಂಶ ವಿಶ್ಲೇಷಣೆಗೆ ಸಾಮಾನ್ಯ ಮಟ್ಟದ ಪ್ರೋಗ್ರಾಮಿಂಗ್ ಯಾವುದೇ ಪ್ರಾಯೋಗಿಕ ಭೌತಶಾಸ್ತ್ರಜ್ಞನಿಗೆ ಅಗತ್ಯ. ರೇಖೀಯ ಬೀಜಗಣಿತ ಮತ್ತು ಸಂಭವನೀಯತಾ ಸಿದ್ಧಾಂತಗಳಲ್ಲಿ ಅನಾಸಕ್ತಿಯಿದ್ದಲ್ಲಿ ಮಾತ್ರ ಈ ವ್ಯಾಸಂಗವು ಸೂಕ್ತವಾಗಲಾರದು; ಅವುಗಳಿಲ್ಲದೆ ನಾಲ್ಕರಲ್ಲಿ ಯಾವ ವಿಭಾಗವೂ ಕೈಗೆಟುಕದು.

ಅಭ್ಯರ್ಥಿಗಳು ಕೋರ್ಸಿನ ಹೆಸರನ್ನಷ್ಟೇ ನೋಡಿ ಅರ್ಜಿ ಸಲ್ಲಿಸದೆ, ಅಥವಾ ಹೆಸರಿಗಷ್ಟೇ ಅಂಜಿ ಹಿಂದೆ ಸರಿಯದೆ, ಸಂಬಂಧಿಸಿದ ಸಂಸ್ಥೆಯ ಪಠ್ಯಕ್ರಮ, ಕಡ್ಡಾಯ ಪತ್ರಿಕೆಗಳು, ಪ್ರಯೋಗಶಾಲಾ ಅವಧಿ ಹಾಗೂ ಅರ್ಹತಾ ನಿಯಮಗಳನ್ನು ಪರಿಶೀಲಿಸಿ ತೀರ್ಮಾನ ಕೈಗೊಳ್ಳುವುದು ಸೂಕ್ತ.