ಹೆಸರುಳ್ಳ ಮೆಣಸಿನಕಾಯಿ, ಹೆಸರಿಲ್ಲದ ಮಾವು

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ತನ್ನ ಊರಿನ ಹೆಸರಿನಿಂದಲೇ ಮಾರಾಟವಾಗುತ್ತದೆ. ಕರ್ನಾಟಕದ ಆಪೂಸಿಗೆ ಆ ಭಾಗ್ಯವಿಲ್ಲ. ಬೇಸಿಗೆಯಲ್ಲಿ ಹೇರಳವಾಗಿ ಬಂದರೂ, ಚಿಲ್ಲರೆ ವ್ಯಾಪಾರಕ್ಕೆ ಇಳಿದೊಡನೆ ಅದು ಎಷ್ಟೋ ಕಡೆ ರತ್ನಾಗಿರಿ ಅಥವಾ ದೇವಗಡದ ಹಣ್ಣೆನಿಸಿಬಿಡುತ್ತದೆ.

ಬ್ಯಾಡಗಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು 2011ರಲ್ಲಿ. ಕೊಂಕಣದ ಆಪೂಸಿಗೆ 2018ರಲ್ಲಿ. ಹಾಗಾಗಿ ನಮ್ಮ ಹಣ್ಣಿಗೆ ಪರರ ಹೆಸರಿಡುವುದು ಈಗ ಕಾನೂನಿಗೂ ವಿರುದ್ಧ. ಗ್ರಾಹಕ ಹೆಚ್ಚು ತೆರುತ್ತಾನೆ. ಆ ಹೆಚ್ಚಿನ ಹಣ ನಮ್ಮ ಬೆಳೆಗಾರನಿಗೆ ತಲುಪುವುದಿಲ್ಲ.

ಬೆಳೆಗಾರ ಕೊಳ್ಳುವವನನ್ನು ಮುಖತಃ ಕಾಣುವುದೇ ಇದಕ್ಕೆ ಮದ್ದು. ಮಹಾರಾಷ್ಟ್ರ ರಾಜ್ಯ ಕೃಷಿ ಪಣನ ಮಂಡಳಿಯ ಕಚೇರಿ ಇದೇ ಯಾರ್ಡಿನಲ್ಲಿದೆ. ಅದು ಏರ್ಪಡಿಸುವ ಮಾವು ಮಹೋತ್ಸವಗಳು ಕೊಂಕಣದ ಬೆಳೆಗಾರರನ್ನು ಗ್ರಾಹಕರೆದುರು ನಿಲ್ಲಿಸಿವೆ. ಮೋಶಿಯಲ್ಲಿ ಡಿಸೆಂಬರಿನಲ್ಲಿ ನಡೆಯುವ ‘ಕಿಸಾನ್’ ಪ್ರದರ್ಶನವೂ ಪರಿಚಯ ಬೆಳೆಸಲು ತಕ್ಕ ತಾಣ.

ಆದರೆ ಜಾತ್ರೆಗೆ ಹೋದಂತೆ ಬರಿಗೈಯಲ್ಲಿ ಹೋದರೆ ಫಲವಿಲ್ಲ. ತೋಟದ ಹಾಗೂ ಊರಿನ ಹೆಸರು ಮುದ್ರಿಸಿದ ಪೆಟ್ಟಿಗೆ, ಮರಾಠಿಯಲ್ಲೊಂದು ದರಪಟ್ಟಿ, ಹಂಗಾಮಿನಲ್ಲಾದರೆ ರುಚಿ ನೋಡಲು ನಾಲ್ಕು ಹೋಳು ಜೊತೆಗಿರಬೇಕು. ಭೇಟಿಯಾದವರ ವಿವರವನ್ನು ಅಂದೇ ಬರೆದಿಟ್ಟು, ವಾರದೊಳಗೆ ದೂರವಾಣಿ ಮಾಡಬೇಕು. ವ್ಯವಹಾರ ಕುದುರುವುದು ಬಹುಮಟ್ಟಿಗೆ ಮಳಿಗೆಯಲ್ಲಲ್ಲ, ಆ ಎರಡನೆಯ ಮಾತುಕತೆಯಲ್ಲಿ. ಸಂಕೋಚ ಬಿಟ್ಟು ಮಾತಿಗಿಳಿದವರಿಗೆ ದಿನ ಕಳೆದದ್ದೇ ತಿಳಿಯುವುದಿಲ್ಲ.

ಪುಣೆಯ ಕನ್ನಡಿಗರಿಗೂ ಇಲ್ಲಿ ಕೆಲಸವಿದೆ. ಎರಡೂ ಭಾಷೆ ಬಲ್ಲ ನಮ್ಮ ಮಕ್ಕಳು ಒಂದು ದಿನ ಊರಿನ ರೈತರ ಪಕ್ಕದಲ್ಲಿ ನಿಲ್ಲಲಿ. ನಾವಾದರೂ ಹಣ್ಣು ಕೊಳ್ಳುವಾಗ ‘ಇದು ಯಾವ ಊರಿನದು?’ ಎಂದು ಕೇಳೋಣ. ಕರ್ನಾಟಕದ್ದೆಂದರೆ ಕರ್ನಾಟಕದ್ದೆಂದೇ ಕೊಳ್ಳೋಣ.